ಬಂಡೆಯಾಚೆಗೆ ಬಾರದ ಹಾಡು

ತಮ್ಮ ಗುಡ್ಡದ ಗಾಯಕನ ದನಿ ಯಾರಿಗೆ ಕೇಳಿಸುತ್ತದೋ ಅವರು ಬೇರೆ ಗುಡ್ಡದ ಹಾಡು ಕೇಳಕೂಡದು ಎಂಬುದು ಆ ಕಾಡಿನ ಕಾನೂನು. ಹೆಬ್ಬಂಡೆಯ ಹಿಂದೆ ಬಿಲ ತೋಡಿಕೊಂಡಿದ್ದ ಮುಳ್ಳುಹಂದಿಯಮ್ಮನಿಗೆ ಬಂಡೆ ಅಡ್ಡವಾಗಿ ಯಾವ ಗಾಯಕನ ದನಿಯೂ ಕೇಳಿಸುತ್ತಿರಲಿಲ್ಲ. ಯಾರ ದನಿಯನ್ನಾದರೂ ಅನುಕರಿಸಬಲ್ಲ ಕಾಜಾಣ, ಅವಳ ಬೇಸರ ಕಂಡು, ಮುಗಿಲಲ್ಲಿ ಹಾರುತ್ತ ಆಚೆ ಗುಡ್ಡದ ಹಾಡುಗಳನ್ನು ತಂದು ಕೇಳಿಸತೊಡಗಿತು.

ಈ ಗುಡ್ಡದ ಗಾಯಕ ಕೆಂಬೂತಕ್ಕೆ ಮೈ ಉರಿಯಿತು. ಅದು ನ್ಯಾಯ ಹೇಳುವ ಆಮೆಯನ್ನು ಬಿಲದ ಬಳಿಗೇ ಕರೆತಂದಿತು. "ಸ್ವಾಮಿ, ನನ್ನ ದನಿ ಗುಡ್ಡದ ಮೂಲೆಮೂಲೆಗೂ ಮುಟ್ಟುತ್ತದೆ. ಈಕೆಯದು ಕಳ್ಳಕಿವಿ!"

ಇದ್ದೊಂದು ಹಾಡೂ ಹೋಯಿತೆಂದು ಮುಳ್ಳುಹಂದಿಯಮ್ಮನ ಮುಳ್ಳುಗಳೆಲ್ಲ ನಿಮಿರಿದವು.

"ನಿನ್ನ ಮರಕ್ಕೆ ಹೋಗಿ ಹಾಡು. ನಾನಿಲ್ಲೇ ಕೂತು ಕೇಳುತ್ತೇನೆ" ಎಂದಿತು ಆಮೆ.

ಕೆಂಬೂತ ಹಾರಿಹೋಗಿ, ಗಂಟಲು ಹರಿಯುವಂತೆ ಹಾಡಿ, ಏದುಸಿರು ಬಿಡುತ್ತ ಹಿಂತಿರುಗಿತು. "ಹೇಗಿತ್ತು ಸ್ವಾಮಿ?"

"ಇನ್ನೂ ಇಲ್ಲೇ ಇದ್ದೀಯಾ? ಬೇಗ ಹೋಗಿ ಶುರುಮಾಡಪ್ಪ, ಆಗಿನಿಂದ ಕಾಯುತ್ತಿದ್ದೇನೆ" ಎಂದಿತು ಆಮೆ.

ಕೆಂಬೂತದ ಮುಖ ಸಪ್ಪಗಾಯಿತು. ಆಚೆ ಗುಡ್ಡದ ಹಾಡು ತರಲು ಕಾಜಾಣಕ್ಕೆ ಅಪ್ಪಣೆ ಸಿಕ್ಕಿತು. ಮುಳ್ಳುಹಂದಿಯಮ್ಮ ಮುಳ್ಳು ಮಡಚಿಕೊಂಡು ಕೆಂಬೂತಕ್ಕೆ ಮೆಲ್ಲಗೆ ಹೇಳಿದಳು: "ಬಂಡೆಯ ಮೇಲೆ ಕೂತು ಹಾಡಣ್ಣ, ನಿನ್ನದನ್ನೂ ಕೇಳುತ್ತೇನೆ."