ನಲವತ್ತು ಕಿವಿ

"ಗುರುಗಳೇ, ಕೂಡಿಟ್ಟ ಹಣವನ್ನು ಬೆಳೆಸುವ ಕೆಲಸ ಬಲ್ಲವನಿಗೆ ಒಪ್ಪಿಸಬೇಕೋ, ನಾನೇ ನೋಡಿಕೊಳ್ಳಬೇಕೋ?" ಎಂದು ಶಿಷ್ಯ ಕೇಳಿದ. "ಬಲ್ಲವನು ತನ್ನ ಪಾಲು ಕೇಳುತ್ತಾನೆ. ನನಗಾದರೋ ಆ ವಿದ್ಯೆ ತಿಳಿಯದು."

ಇದೇ ಪ್ರಶ್ನೆಯನ್ನು ಅವನು ಅದಾಗಲೇ ಮೂರು ಮಂದಿಗೆ ಕೇಳಿ ಬಂದಿದ್ದ. ಗುರುಗಳಿಗೆ ಅದು ಗೊತ್ತಿತ್ತು. ಅವರು ಒಂದು ಕತೆ ಹೇಳಿದರು.

ಒಬ್ಬ ಗಾಣಿಗನಿದ್ದ. ಮೊಣಕಾಲು ಸೋತ ಮೇಲೆ ಗಾಣವನ್ನೂ ಎತ್ತನ್ನೂ ಮಾರಿ ನಲವತ್ತು ಕುರಿ ಕೊಂಡ. ಅವನಿಗೂ ಹೆಂಡತಿಗೂ ಮುಂದಿನ ಅನ್ನ ಅದೇ. ಕುರಿ ಕಾದು ಗೊತ್ತಿಲ್ಲದ್ದರಿಂದ ಒಬ್ಬ ಕುರಿಗಾಹಿಗೆ ಪಾಲಿಗೆ ಬಿಟ್ಟ. ಹುಟ್ಟಿದ ಮರಿಗಳಲ್ಲಿ ಅರ್ಧ ಕುರಿಗಾಹಿಗೆ. ಕುರಿ ಸತ್ತರೆ ಯಜಮಾನನ ಗುರುತಿನ ಕಚ್ಚು ಇರುವ ಕಿವಿಯನ್ನು ಅವನು ತಂದು ತೋರಿಸಬೇಕು; ತೋರಿಸದಿದ್ದರೆ ಮಾರಿಕೊಂಡ ಎಂದೇ ಅರ್ಥ.

ಮೊದಲ ವರ್ಷ ಮರಿಗಳು ಚೆನ್ನಾಗಿ ಆದವು. ತನ್ನ ಪಾಲಿನ ಮರಿಗಳನ್ನು ಗಾಣಿಗ ಮಾರಿದ. ಆದರೂ ಅವನಿಗೆ ಸಂಕಟವಾಯಿತು. "ಈಯುವುದು ನನ್ನ ಕುರಿ. ಅವನು ಕೋಲು ಹಿಡಿದು ಹಿಂದೆ ನಡೆಯುತ್ತಾನೆ, ಅಷ್ಟಕ್ಕೆ ಅರ್ಧವೇ?" ಎಂದು ಹೆಂಡತಿಯ ಮುಂದೆ ಗೊಣಗಿದ.

ಎರಡನೆಯ ವರ್ಷ ರೋಗ ಬಂತು. ಸುತ್ತಲ ಕುರಿಹಟ್ಟಿಗಳು ಬರಿದಾದವು. ಕುರಿಗಾಹಿ ಒಂಬತ್ತು ಕಿವಿಗಳನ್ನು ತಂದು ಜಗಲಿಯ ಮೇಲಿಟ್ಟ.

"ಕುರಿ ಸಂತೆಗೆ, ಕಿವಿ ನನಗೋ?" ಎಂದ ಗಾಣಿಗ.

"ಮೂವತ್ತೊಂದು ಉಳಿದಿವೆ, ಯಜಮಾನರೇ. ಒಂದು ಸಲ ಬಂದು ಅವನ್ನು ನೋಡಿ."

ಗಾಣಿಗ ನೋಡಲು ಹೋಗಲಿಲ್ಲ. ಕಿವಿಗಳನ್ನು ಸಾಕ್ಷಿಗೆಂದು ಬಟ್ಟೆಯಲ್ಲಿ ಕಟ್ಟಿಟ್ಟ. ಆ ವಾರವೇ ಕುರಿಗಳನ್ನು ಬಿಡಿಸಿಕೊಂಡು ಬಂದ.

ಸೋತ ಮೊಣಕಾಲು ಅವನನ್ನು ದೂರ ನಡೆಯಗೊಡದು. ಕೆರೆಯಂಚಿನಲ್ಲೇ ಹಸಿರಿತ್ತು. ಹೊತ್ತು ಮೂಡುವ ಮೊದಲೇ ಬಿಟ್ಟರೆ ಹೊಟ್ಟೆ ತುಂಬ ಮೇಯುತ್ತವೆ ಎಂದುಕೊಂಡ. ಇಬ್ಬನಿ ಆರುವ ತನಕ ಕುರಿಯನ್ನು ಬಿಡಬಾರದು, ಜೌಗಿನ ಹುಲ್ಲಿಗೆ ಬಾಯಿ ಹಾಕಗೊಡಬಾರದು. ಕುರಿಗಾಹಿ ಅದನ್ನು ಹೇಳಿರಲಿಲ್ಲ. ಗಾಣಿಗ ಕೇಳಿರಲೂ ಇಲ್ಲ.

ಕುರಿಗಳಿಗೆ ಭೇದಿ ಹತ್ತಿತು. ಗದ್ದದ ಕೆಳಗೆ ಬಾವು ಬಂತು. ಒಂದೊಂದು ಸತ್ತಾಗಲೂ ಗಾಣಿಗನ ಕೈ ತಾನಾಗಿ ಕತ್ತಿಗೆ ಹೋಗುತ್ತಿತ್ತು. ಕಿವಿ ಕೊಯ್ದು ಅದೇ ಬಟ್ಟೆಗೆ ಸೇರಿಸುತ್ತಿದ್ದ. ಹಟ್ಟಿ ಬರಿದಾದ ದಿನ ಹೆಂಡತಿ ಗಂಟು ಬಿಚ್ಚಿ ಎಣಿಸಿದಳು. ನಲವತ್ತು.

"ಇವನ್ನೆಲ್ಲ ಯಾರಿಗೆ ತೋರಿಸೋಣ ಅಂತ ಇಟ್ಟಿದ್ದೀರಿ?" ಎಂದಳು.

ಅವನು ಗಂಟನ್ನು ಹೆಗಲಿಗೇರಿಸಿ ಕುರಿಗಾಹಿಯ ಮನೆಗೆ ಹೋದ. ಅಂಗಳದಲ್ಲಿ ಅಷ್ಟನ್ನೂ ಸುರಿದು, "ರೋಗದ ಕುರಿಗಳನ್ನು ನನ್ನ ತಲೆಗೆ ಕಟ್ಟಿದೆಯಲ್ಲ!" ಎಂದು ಊರು ಕೇಳುವಂತೆ ಬೈದ. ಊರು ನಂಬಿತು. ಆಮೇಲೆ ಆ ಕುರಿಗಾಹಿಗೆ ಯಾರೂ ಕುರಿ ಬಿಡಲಿಲ್ಲ. ಗಾಣಿಗನ ಹೆಂಡತಿ, ತಾವು ಮಾರಿದ ಗಾಣದಲ್ಲೇ ಹಿಂಡಿ ಬಳಿಯುವ ಕೂಲಿಗೆ ನಿಂತಳು.

ಕತೆ ಮುಗಿಯಿತು. ಶಿಷ್ಯನ ಮುಖ ಹಗುರಾಯಿತು. "ಹಾಗಾದರೆ ಬಲ್ಲವನಿಗೇ ಒಪ್ಪಿಸಬೇಕು. ಅಲ್ಲವೇ, ಗುರುಗಳೇ? ನೀವು ಹೌದು ಎಂದರೆ ಸಾಕು."

ಗುರುಗಳು ಹೇಳಿದರು: "ನಾನು ಹೌದು ಎಂದರೆ, ನಾಳೆ ಹಣ ಮುಳುಗಿದಾಗ ಕಿವಿಗಳನ್ನು ಯಾರ ಅಂಗಳದಲ್ಲಿ ಸುರಿಯುತ್ತೀಯೆ?"