ಮಂಚಮ್ಮನ ಮಂಡಿ

ಬಾ, ಹೊದ್ದು ಮಲಕ್ಕೋ, ಹೂಂ ಅಂತಿರಬೇಕು ಮತ್ತೆ. ಲೋಕ ಇನ್ನೂ ಹೊಸದಾಗಿದ್ದ ಕಾಲದಲ್ಲಿ ಬೊಮ್ಮಪ್ಪ ಮನುಷ್ಯರನ್ನ ಮಾಡೋಕೆ ಕೂತನಂತೆ. ಮಾದರಿಗೆ ಅಂತ ಎದುರಿಗೆ ಒಂದು ಒನಕೆ ಇಟ್ಟುಕೊಂಡಿದ್ದ ನೋಡು, ಕೈಕಾಲೆಲ್ಲ ಒನಕೆ ಥರಾನೇ ನೆಟ್ಟಗಾಗಿಬಿಟ್ಟವಂತೆ. ಜನ ಮರಕ್ಕೆ ಒರಗಿ ನಿಂತೇ ನಿದ್ದೆ ಮಾಡೋರಂತೆ.

ಆಮೇಲೆ ಮಂಚಮ್ಮ ಅನ್ನೋಳು ಒಬ್ಬಳು ಹೆತ್ತಳಂತೆ. ಮಗು ಕೆಳಗೆ ಹುಲ್ಲಿನ ಮೇಲೆ ಮಲಗಿ ಹಾಲಿಗೆ ಅಳ್ತಾ ಇದೆ, ಇವಳಿಗೆ ಕೂರೋಕಾಗಲ್ಲ, ಬಗ್ಗೋಕಾಗಲ್ಲ. ಅತ್ತುಕೊಂಡು ನಿಂತಳಾ? ಎಲ್ಲಿ ಬಂತು! ಏ ಬೊಮ್ಮಪ್ಪ, ನೀನು ಮಾಡಿದ್ದು ಸರಿಯಿಲ್ಲ, ಬಂದು ಸರಿಮಾಡು ಅಂತ ಕೂಗಿದಳಂತೆ.

ಅವನು ಬಂದು ಕಾಲಿನ ಮೂಳೆನ ಮಂಡಿ ಹತ್ರ ಎರಡು ತುಂಡು ಮಾಡಿದನಂತೆ, ಆಮೇಲೆ ತುಂಡು ಜಾರದ ಹಾಗೆ ಮೂಳೆಗೂ ಮೂಳೆಗೂ ಗಟ್ಟಿ ನಾರು ಹಾಕಿ ಬಿಗಿದನಂತೆ. ಕಾಲು ಮಡಚ್ತು, ಆದರೆ ಮೂಳೆಗೆ ಮೂಳೆ ಉಜ್ಜಿ ಜೀವ ಹೋದಂಗಾಯ್ತಂತೆ. ಇನ್ನೊಂದು ಸಲ ಮಾಡು ಅಂದಳು. ಆಮೇಲೆ ಮೂಳೆಗಳ ತುದಿಗೆ ಎಳೆ ತೆಂಗಿನಕಾಯಿ ತಿರುಳಿನ ಥರ ಬೆಳ್ಳಗೆ, ನುಣ್ಣಗೆ ಇರೋ ಮೆತ್ತೆ ಹಚ್ಚಿದನಂತೆ. ಉರಿ ನಿಂತಿತು, ಆದರೆ ಮೆತ್ತೆ ಒಣಗಿ ಮಂಡಿ ಹಿಡಕೊಂಡು, ಮಂಚಮ್ಮ ಅರ್ಧಕ್ಕೇ ಬಗ್ಗಿ ನಿಂತುಬಿಟ್ಟಳಂತೆ.

ಇಷ್ಟಾದರೂ ಆಯ್ತಲ್ಲ, ಸಾಕು ಬಿಡೇ ಅಂದನಂತೆ ಬೊಮ್ಮಪ್ಪ. ಮಗೂನ ದನಿ ಆಗಲೇ ಸಣ್ಣಗಾಗ್ತಾ ಇತ್ತು. ಸಾಕು ಅನ್ನೋಕೆ ನೀನ್ಯಾರಪ್ಪ, ಮಗು ನಂದು, ಇಷ್ಟು ಮಾಡಿದೋನ ಕೈಲಿ ಇನ್ನೊಂಚೂರು ಆಗೇ ಆಗುತ್ತೆ, ಮಾಡು ಅಂದಳಂತೆ.

ಅವಳ ಧೈರ್ಯ ನೋಡಿ ಅವನಿಗೂ ಹುರುಪು ಬಂತಂತೆ. ಆಮೇಲೆ ಮಂಡಿ ಸುತ್ತ ತೆಳ್ಳಗೊಂದು ಚೀಲ ಹೊಲಿದು, ಒಳಗೆ ಮೊಟ್ಟೆ ಲೋಳೆಯಂಥ ರಸ ತುಸು ಬಿಟ್ಟನಂತೆ. ಆಡಿಸ್ತಾ ಇರು ಮಂಚಮ್ಮ, ಆಡಿಸಿದಷ್ಟೂ ರಸ ಹರಡಿ ಸಲೀಸಾಗಿ ಜಾರ್ತದೆ ಅಂದ. ಅದೇ ಹದದಲ್ಲಿ ಮೊಣಕೈಗೆ ಬಾಗಿಲ ಕೀಲಿನಂಥ ಕೀಲು ಕೂರಿಸಿ, ಹೆಗಲಿಗೂ ಸೊಂಟಕ್ಕೂ ಬಟ್ಟಲೊಳಗೆ ಗುಂಡು ಇಟ್ಟಂಗೆ ಮೂಳೆ ಕೂರಿಸಿದನಂತೆ.

ಮಂಚಮ್ಮ ಬಗ್ಗಿದಳು. ಮಗೂನ ಎತ್ತಿ ಎದೆಗವಚಿಕೊಂಡು, ನಿಧಾನಕ್ಕೆ ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ ಕೂತಳಂತೆ. ಮಗು ಹಾಲು ಕುಡಿದು, ಅವಳ ಮಡಚಿದ ಕಾಲುಗಳ ನಡುವೆ ಹಾಗೇ ನಿದ್ದೆ ಹೋಯಿತಂತೆ. ಬೊಮ್ಮಪ್ಪ ನಿಂತು ನೋಡಿದ. ಇದೇನಿದು, ಇಂಥ ಜಾಗ ನಾನು ಮಾಡೇ ಇರಲಿಲ್ಲವಲ್ಲ ಅಂದನಂತೆ.

ಮಡಿಲು ಕಣಪ್ಪ, ಇದು ನಂದು ಅಂದಳಂತೆ ಮಂಚಮ್ಮ.

ಅಷ್ಟೇ, ಕತೆ ಅವಳ ಮಡಿಲಲ್ಲೇ ಮಲಗಿಬಿಡ್ತು. ನೀನೂ ಮಲಕ್ಕೋ ಕಂದ.