ಜೊಂಡಿನಂಚಿನ ಕಾಡುಬೆಕ್ಕು

ಹುಲಿ ಬೇಡ, ಆನೆ ಬೇಡ, ಚಿರತೆಯಂತೂ ಬೇಡವೇ ಬೇಡ ಎಂದು ಫೋಟೋ ಸ್ಪರ್ಧೆಯ ಪ್ರಕಟಣೆಯಲ್ಲೇ ಬರೆದಿತ್ತು. ನಮ್ಮ ನೆಲದಲ್ಲೇ ಹುಟ್ಟಿ, ನಮ್ಮ ಪಕ್ಕದಲ್ಲೇ ಓಡಾಡಿಕೊಂಡಿದ್ದೂ ಯಾರ ಲೆಕ್ಕಕ್ಕೂ ಬಾರದ ಪ್ರಾಣಿಯೇ ಆಗಬೇಕು.

ಅದನ್ನು ಓದಿದಾಗಿನಿಂದ ಇಂದುಧರನಿಗೆ ಸರಿಯಾಗಿ ನಿದ್ದೆಯಿಲ್ಲ.

ಅವನು ಪದ್ಮಾಂಬ ಅವರ ಶಿಷ್ಯ. ಹೊಳೆದಂಡೆಯ ಹೆಂಚಿನ ಮನೆಯಲ್ಲಿದ್ದುಕೊಂಡು, ಕಾಡುಪ್ರಾಣಿಗಳ ಫೋಟೋ ತೆಗೆಯುವುದನ್ನು ಕಲಿಸುತ್ತಿದ್ದ ಆಕೆಯನ್ನು ಊರವರು ಗುರುಗಳು ಎನ್ನುತ್ತಿದ್ದರು. "ಗುರು ಅಂದ್ರೆ ಪೀಠ ಬೇಕಲ್ಲಪ್ಪಾ. ನನ್ನ ಹತ್ತಿರ ಇರೋದು ಕಾಲು ಮುರಿದ ಕುರ್ಚಿ" ಎಂದು ಆಕೆ ನಗುತ್ತಿದ್ದರು. ಶಿಷ್ಯರಿಗೆ ಅವರು ಅಮ್ಮ.

ಅಮ್ಮನದೊಂದು ಕ್ರಮವಿತ್ತು. ಯಾರು ಫೋಟೋ ತಂದರೂ ಮೊದಲು ನೋಡುತ್ತಿರಲಿಲ್ಲ. ಬಾಯಲ್ಲಿ ಹೇಳಬೇಕು. ಪ್ರಾಣಿ ಎಲ್ಲಿಂದ ಬಂತು, ಏನು ಮಾಡಿತು, ಆಮೇಲೆ ಎಲ್ಲಿಗೆ ಹೋಯಿತು. ಎಲ್ಲ ಹೇಳಿ ಮುಗಿದ ಮೇಲೆ ಕೈ ಚಾಚಿ, "ಈಗ ತೋರಿಸು" ಎನ್ನುತ್ತಿದ್ದರು.

ಇಂದುಧರ ಅಲ್ಲಿಗೆ ಬಂದು ವರ್ಷಗಳಾಗಿದ್ದವು. ಅವನ ಒಂದು ಚಿತ್ರವೂ ಎಲ್ಲೂ ಅಚ್ಚಾಗಿರಲಿಲ್ಲ. ಯಾವಾಗ ಅಚ್ಚಾಗುತ್ತೆ ಎಂದು ಕೇಳುವುದನ್ನು ಮನೆಯವರು ಬಿಟ್ಟಿದ್ದರು. ಕೇಳುತ್ತಿದ್ದಾಗಲೇ ವಾಸಿಯಿತ್ತು.

ಸ್ಪರ್ಧೆಯ ಕೊನೆಯ ದಿನ ಮಧ್ಯಾಹ್ನ ಅವನು ಓಡಿ ಬಂದ. ಕಾಲಿಗೆ ಕೆಸರು, ಮೈಗೆಲ್ಲ ತುರಿಸುವ ಕಬ್ಬಿನ ಸುಂಕು.

"ಅಮ್ಮಾ, ಸಿಕ್ತು! ಕಾಡುಬೆಕ್ಕು!"

"ನೀರು ಕುಡಿ."

"ಬಾಯಲ್ಲಿ ಮರಿ ಕಚ್ಕೊಂಡಿತ್ತಮ್ಮಾ! ನೋಡಿ ಇಲ್ಲಿ..."

ಅಮ್ಮ ಕ್ಯಾಮೆರಾದ ಕಡೆ ತಿರುಗಲಿಲ್ಲ. "ಹೇಳು" ಎಂದರು.

ಇಂದುಧರ ಹೇಳಿದ. ಹೊಳೆಯಾಚೆ ಬದಿಯ ಗದ್ದೆಯಲ್ಲಿ ಕಬ್ಬು ಕಡಿಯುತ್ತಿದ್ದರು. ಉಳಿದಿದ್ದು ಒಂದು ಪಟ್ಟಿ ಮಾತ್ರ. ಆ ಕಬ್ಬಿನೊಳಗೇ ಮರಿ ಹಾಕಿದ್ದಿರಬೇಕು, ಕತ್ತಿಯ ಸದ್ದು ಹತ್ತಿರ ಬರುತ್ತಿದ್ದಂತೆ ತಾಯಿ ಹೊರಬಂತು. ಉದ್ದ ಕಾಲು, ಮೋಟು ಬಾಲ, ಕಿವಿಯ ತುದಿಗೆ ಚೂರು ಕುಚ್ಚು. ಬದುವಿನ ಮೇಲೆ ಹೊಳೆಯಂಚಿನ ಜೊಂಡಿನ ಕಡೆಗೆ ಹೊರಟಿತ್ತು. ಇಂದುಧರ ಎದ್ದು ನಿಂತು ಕ್ಲಿಕ್ಕಿಸಿದ. ಅದು ನಿಂತು, ನೇರ ಕ್ಯಾಮೆರಾದೊಳಕ್ಕೇ ನೋಡಿತು.

"ಆಮೇಲೆ?"

"ಆಮೇಲೆ ಕಣ್ಣು ಚೊಕ್ಕವಾಗಿ ಬಂದಿದೆಯಾ ಅಂತ ಸ್ಕ್ರೀನಲ್ಲಿ ನೋಡಿದೆ. ಬಂದಿತ್ತು! ಮೀಸೆ ಕೂಡ ಎಣಿಸಬಹುದಮ್ಮಾ."

"ನಿನ್ನ ಸಮಾಚಾರ ಅಲ್ಲ ಕೇಳಿದ್ದು. ಬೆಕ್ಕು ಎಲ್ಲಿಗೆ ಹೋಯ್ತು?"

"ತಲೆ ಎತ್ತೋಷ್ಟರಲ್ಲಿ ಇರಲಿಲ್ಲ."

"ಮರಿ?"

ಇಂದುಧರ ಮತ್ತೆ ಕ್ಯಾಮೆರಾದ ಸ್ಕ್ರೀನ್ ನೋಡಿದ.

"ಹೋಗುವಾಗ ಮರಿ ಬಾಯಲ್ಲೇ ಇತ್ತಾ?"

"ನೋಡಲಿಲ್ಲಮ್ಮಾ."

ಅಮ್ಮ ಎದ್ದು ಚಪ್ಪಲಿ ಮೆಟ್ಟಿದರು.

"ಅಮ್ಮಾ, ಸಂಜೆ ಬಸ್ಸಿಗೆ ನಾನು ಪೇಟೆಗೆ ಹೋಗಬೇಕು. ಇಲ್ಲಿ ಸಿಗ್ನಲ್ ಇಲ್ಲ, ಫೋಟೋ ಅಲ್ಲಿಂದಲೇ ಕಳಿಸಬೇಕು. ಇವತ್ತೇ ಕೊನೆ."

"ಹೋಗು. ನಾನೇನು ಹಿಡ್ಕೊಂಡಿದ್ದೀನಾ?"

ಆಕೆ ಹೊಳೆ ದಾಟುವ ಸಂಕದ ಕಡೆಗೆ ಹೊರಟರು. ಅವನು ಹಿಂದೆಯೇ ನಡೆದ.

ಮರಿ ಬದುವಿನ ಕೆಳಗೆ, ಮುಂಚೆಯೇ ಕಡಿದಿದ್ದ ಕಡೆ ರಾಶಿ ಬಿದ್ದ ಒಣ ತರಗಿನಲ್ಲಿತ್ತು. ಕಣ್ಣು ಆಗಷ್ಟೇ ಬಿಟ್ಟಿತ್ತು. ಅಳು ಬತ್ತಿಹೋಗಿ ಬಾಯಿ ಮಾತ್ರ ತೆರೆಯುತ್ತಿತ್ತು, ಮುಚ್ಚುತ್ತಿತ್ತು.

ಇಂದುಧರ ಎತ್ತಿಕೊಳ್ಳಲು ಬಗ್ಗಿದ.

"ಬೇಡ" ಎಂದರು ಅಮ್ಮ. "ತಾಯಿ ಇಲ್ಲೇ ಎಲ್ಲೋ ನಮ್ಮನ್ನ ನೋಡ್ತಾ ಇರುತ್ತೆ. ನಾವು ದೂರ ಹೋದ್ರೆ ಬಂದೀತು. ನೀನು ಎತ್ತಿದ್ರೆ ಅದು ನಿನ್ನ ಮರಿ. ಸಾಕ್ತೀಯಾ?"

ಅಷ್ಟರಲ್ಲಿ ಕಬ್ಬು ಕಡಿಯುವವರ ಮುಖ್ಯಸ್ಥೆ ಸಣ್ಣಮ್ಮ ಕತ್ತಿ ಹಿಡಿದುಕೊಂಡೇ ಬಂದಳು.

"ಅಲ್ಲೇನ್ ಮಾಡೀರಿ? ಆಚೆ ಬನ್ನಿ. ಈಗ ತರಗಿಗೆ ಬೆಂಕಿ ಹಾಕ್ತೀವಿ."

"ಸ್ವಲ್ಪ ತಡೀರಮ್ಮಾ" ಎಂದ ಇಂದುಧರ. "ಇಲ್ಲಿ ಕಾಡುಬೆಕ್ಕಿನ ಮರಿ ಇದೆ."

"ಬೆಕ್ಕ್‌ಗಾ ತಡೀಬೇಕು?" ಸಣ್ಣಮ್ಮ ನಕ್ಕಳು. "ನಮ್ಮಟ್ಟೀಲಿ ಮೂರವೆ, ಬೇಕಾದ್ರೆ ಎತ್ಕೊಂಡೋಗಿ. ಕಾಡುಬೆಕ್ಕಂತೆ! ನಮ್ ಕೋಳಿ ಹೊತ್ಕೊಂಡೋಗಿದ್ದೂ ಅದೆಯ."

"ನನ್ನಿಂದ ಬಿದ್ದದ್ದು ಅದು. ತಾಯಿ ಹೊತ್ಕೊಂಡು ಹೋಗ್ತಿತ್ತು, ನಾನು ಹೆದರಿಸಿಬಿಟ್ಟೆ."

ಸಣ್ಣಮ್ಮ ಮರಿಯನ್ನು ನೋಡಿದಳು. ಅವನನ್ನೂ ನೋಡಿದಳು.

"ಹೊತ್ ಮುಳುಗಗಂಟ ಕಾಯ್ತೀನಿ. ಆಮೇಕೆ ಕಡ್ಡಿ ಗೀರೋದೆಯ."

ಆಕೆ ತನ್ನವರನ್ನೆಲ್ಲ ಕರೆದುಕೊಂಡು ರಸ್ತೆಯ ಕಡೆಗೆ ಹೋದಳು. ಅಮ್ಮ ಮತ್ತು ಇಂದುಧರ ದೂರದ ಪಂಪ್‌ಸೆಟ್ ಮನೆಯ ಮರೆಯಲ್ಲಿ ಕೂತರು.

"ನನಗೆ ಇಲ್ಲಿಂದ ಏನೂ ಕಾಣಲ್ಲ" ಎಂದರು ಅಮ್ಮ. "ಕಣ್ಣಲ್ಲಿ ಪೊರೆ. ನೀನೇ ನೋಡಬೇಕು."

ಅವನು ನೋಡುತ್ತ ಕೂತ. ಹದ್ದೊಂದು ಗದ್ದೆಯ ಮೇಲೆ ಸುತ್ತು ಹಾಕಿತು. ಅದು ತಗ್ಗಿದಾಗಲೆಲ್ಲ ಅವನ ಕೈ ಮಣ್ಣಿನ ಹೆಂಟೆಯ ಕಡೆ ಹೋಗುತ್ತಿತ್ತು. ಹೆಂಟೆ ಎಸೆದರೆ ಹದ್ದೂ ಹಾರುತ್ತೆ, ತಾಯಿಯೂ ಹೆದರುತ್ತೆ. ಕೈ ಹಿಂದಕ್ಕೆ ತರುತ್ತಿದ್ದ.

"ಅಮ್ಮಾ, ಅದು ಬರದೇ ಹೋದ್ರೆ?"

ಅಮ್ಮ ಸೆರಗಿಗೆ ಅಂಟಿದ್ದ ತರಗು ಕಿತ್ತು ಹಾಕಿದರು.

"ಅದು ಸತ್ರೆ ತಪ್ಪು ನನ್ನದೇ ಅಲ್ವಾ?"

"ಅಲ್ಲ ಅಂತ ನನ್ನ ಬಾಯಲ್ಲಿ ಕೇಳಬೇಕಾ?"

ಅವನು ಮತ್ತೆ ಹದ್ದಿನ ಕಡೆ ನೋಡಿದ.

ಬಿಸಿಲು ಇಳಿಯಿತು. ಸಂಕದಾಚೆ ಬಸ್ಸಿನ ಹಾರನ್ ಕೇಳಿಸಿತು. ಆ ಡ್ರೈವರ್ ಯಾವಾಗಲೂ ಬೇವಿನ ಮರದ ಕೆಳಗೆ ಬಸ್ಸು ನಿಲ್ಲಿಸಿ, ಬೀಡಿ ಮುಗಿಯುವ ತನಕ ಹಾರನ್ ಮಾಡುತ್ತಿದ್ದ. ಓಡಿದರೆ ಇನ್ನೂ ಸಿಗುತ್ತಿತ್ತು.

"ಬಸ್ಸು ಬಂತಲ್ಲೋ" ಎಂದರು ಅಮ್ಮ.

"ಕೇಳಿಸ್ತು."

"ಚೆನ್ನಾಗಿ ಬಂದಿದೆ ಅಂದೆ ಫೋಟೋ."

"ಬಂದಿದೆ."

"ಗೆಲ್ಲುತ್ತೇನೋ."

"ಗೆಲ್ಲುತ್ತೇನೋ" ಎಂದ ಅವನು. ಕಣ್ಣು ಬದುವಿನ ಮೇಲಿಂದ ಕದಲಲಿಲ್ಲ.

ಹಾರನ್ ಇನ್ನೊಮ್ಮೆ ಕೂಗಿತು. ಬಸ್ಸಿನ ಸದ್ದು ಏರಿ ದೂರವಾಗಿ ಹೋಯಿತು.

ಹೊತ್ತು ತೆಂಗಿನ ಗರಿಗಳ ಹಿಂದಕ್ಕೆ ಸರಿದಿತ್ತು. ಸಣ್ಣಮ್ಮ ಸೀರೆ ಎತ್ತಿ ಕಟ್ಟಿಕೊಂಡು ರಸ್ತೆಯಿಂದ ಗದ್ದೆಗೆ ಇಳಿಯುವುದು ಕಂಡಿತು.

ಆಗ ಇಂದುಧರ ಥಟ್ಟನೆ ಮುಂದಕ್ಕೆ ಬಾಗಿದ.

"ಹೇಳು" ಎಂದರು ಅಮ್ಮ, ಪಿಸುಮಾತಿನಲ್ಲಿ.

"ಜೊಂಡಿನ ಸಂದೀಲಿ ಕಿವಿ ಕಾಣ್ತಿದೆ. ಎರಡೂ ಸಣ್ಣಮ್ಮನ ಕಡೆ ತಿರುಗಿವೆ. ಹೊರಗೆ ಬಂತು. ಹೊಟ್ಟೆ ನೆಲಕ್ಕೆ ಹಚ್ಚಿ ಬರ್ತಿದೆ. ನಿಂತ್ಕೊಂಡ್ತು."

"ಸಣ್ಣಮ್ಮ?"

"ಅವಳೂ ನಿಂತಿದ್ದಾಳೆ. ನೋಡಿಬಿಟ್ಳು ಅನ್ಸುತ್ತೆ. ಅಲ್ಲಾಡ್ತಿಲ್ಲ."

"ಬೆಕ್ಕು?"

"ಬದು ಇಳೀತು. ತರಗಲ್ಲಿ ಮೂಸ್ತಿದೆ. ಅಲ್ಲಲ್ಲ, ಈ ಕಡೆ, ಈ ಕಡೆ... ಸಿಕ್ತು. ಮೊದಲು ನೆಕ್ಕಿತು. ಕತ್ತಿನ ಹಿಂದೆ ಕಚ್ಚಿ ಎತ್ತಿತಮ್ಮಾ. ಮರಿ ಕಾಲು ಮಡಚಿಕೊಂಡು ಜೋತುಬಿದ್ದಿದೆ."

"ಜೀವ?"

"ಇದೆ. ಬಾಲ ಸುತ್ಕೊಂಡ್ತು."

ಕ್ಯಾಮೆರಾ ಅವನ ಪಕ್ಕದ ಚೀಲದಲ್ಲೇ ಇತ್ತು. ಅದು ಅಲ್ಲಿದೆ ಎಂಬುದೇ ಅವನಿಗೆ ಮರೆತುಹೋಗಿತ್ತು.

"ಆಮೇಲೆ?"

"ಕಾಲುವೆ ಹಾರಿತು. ಜೊಂಡಿನ ಬಾಯಲ್ಲಿ ನಿಂತು ಒಂದು ಸಲ ಹಿಂದೆ ತಿರುಗಿ ನೋಡ್ತು. ನಮ್ಮನ್ನಲ್ಲ, ಗದ್ದೇನ. ಈಗ ಒಳಗೆ ಹೋಯ್ತು."

"ಆಮೇಲೆ?"

"ಜೊಂಡಿನ ತುದಿ ಅಲ್ಲಾಡ್ತಿದೆ. ಇನ್ನೂ ಆಚೆ, ನೀರಿನ ಹತ್ತಿರ."

"ಆಮೇಲೆ?"

ಇಂದುಧರ ಬಹಳ ಹೊತ್ತು ನೋಡಿದ. ಸಣ್ಣಮ್ಮ ಗೀರಿದ ಕಡ್ಡಿ ತರಗಿಗೆ ಹತ್ತಿ, ಗದ್ದೆಯ ಆ ಮೂಲೆಯಿಂದ ಹೊಗೆ ಎದ್ದಿತು.

"ಅಲ್ಲಾಡೋದು ನಿಂತಿತಮ್ಮಾ."

ಪದ್ಮಾಂಬ ಕ್ಯಾಮೆರಾ ಚೀಲದ ಕಡೆ ತಿರುಗಿ, ಅವನ ಮುಂದೆ ಕೈ ಚಾಚಿದರು.

"ಈಗ ತೋರಿಸು."